ಬಿಸಿರಕ್ತದ ಮೇಲಿನ ಅನುಮಾನ: ವಿದ್ಯಾರ್ಥಿ ಚಳವಳಿಗಳ ಇತಿಹಾಸ ಕಲಿಸುವ ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ನಾನು ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿ ಇಪ್ಪತ್ತೆರಡು ವರ್ಷಗಳಾದವು. ಈ ಅವಧಿಯಲ್ಲಿ ತರಗತಿ ಬಹಿಷ್ಕರಿಸಿ ಹೊರಟ ವಿದ್ಯಾರ್ಥಿಗಳು ಬಾಗಿಲ ಬಳಿ ನಿಂತು "ಮೇಡಂ, ನೀವು ನಮ್ಮ ಪರ ಇದ್ದೀರೋ ಇಲ್ವೋ?" ಎಂದು ಕೇಳಿದಾಗಲೆಲ್ಲ ನನ್ನ ಬಾಯಿಂದ ಬಂದ ಉತ್ತರ ಹೆಚ್ಚುಕಡಿಮೆ ಒಂದೇ: "ನಿಮ್ಮ ವಯಸ್ಸಲ್ಲಿ ನಾನೂ ಹೀಗೇ ಇದ್ದೆ. ಮೊದಲು ಓದು ಮುಗಿಸಿ, ಆಮೇಲೆ ನೋಡೋಣ." ಕಳೆದ ವರ್ಷ ಒಬ್ಬ ಹುಡುಗಿ ಇದನ್ನು ಕೇಳಿಸಿಕೊಂಡು, ಕೋಪಗೊಳ್ಳದೆ, ತುಸು ಬೇಸರದಿಂದ "ಆಮೇಲೆ ಅಂದ್ರೆ ಯಾವಾಗ ಮೇಡಂ?" ಎಂದು ಕೇಳಿ ಹೋದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿದ್ಯಾರ್ಥಿಗಳ ಆದರ್ಶದ ಬಗ್ಗೆ ನನಗಿರುವ ಅನುಮಾನ ಅನುಭವದಿಂದ ಬಂದದ್ದೋ, ಆಲಸ್ಯದಿಂದ ಬಂದದ್ದೋ ಎಂಬುದನ್ನು ತಿಳಿಯಬೇಕೆಂಬ ಉದ್ದೇಶದಿಂದಲೇ ವಿದ್ಯಾರ್ಥಿ ಚಳವಳಿಗಳ ಇತಿಹಾಸವನ್ನು ಕಲಿಸುವ ಎಂಟು ವಾರಗಳ ಆನ್‌ಲೈನ್ ಕೋರ್ಸೊಂದಕ್ಕೆ ಸೇರಿಕೊಂಡೆ. ಮೊನ್ನೆ ಅದು ಮುಗಿದಿದೆ. ಸೇರಬೇಕೆಂದಿರುವವರಿಗೆ ನೆರವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕೋರ್ಸನ್ನು ನಡೆಸುವವರ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ನಮ್ಮ ತಂಡದಲ್ಲಿದ್ದವರು ಹನ್ನೆರಡು ಮಂದಿ ಮಾತ್ರ, ಅವರಲ್ಲಿ ಕೆಲವರು ತಮ್ಮ ಬದುಕಿನ ಕಷ್ಟದ ಸಂಗತಿಗಳನ್ನು ನಂಬಿಕೆಯಿಂದ ಹಂಚಿಕೊಂಡಿದ್ದಾರೆ, ಅವರನ್ನು ಯಾರೂ ಗುರುತು ಹಿಡಿಯುವಂತಾಗಬಾರದು. ಕೋರ್ಸಿನ ಸ್ವರೂಪ ಸರಳವಾಗಿದೆ. ವಾರಕ್ಕೆ ಎರಡು ವಿಡಿಯೊ ಉಪನ್ಯಾಸಗಳು, ಆ ಕಾಲದ ಕರಪತ್ರ, ಸಭೆಯ ನಡಾವಳಿ, ಆಡಳಿತದ ಸುತ್ತೋಲೆ ಮುಂತಾದ ಮೂಲ ದಾಖಲೆಗಳ ಒಂದು ಕಟ್ಟು, ವಾರಾಂತ್ಯದಲ್ಲಿ ಎರಡು ಗಂಟೆಯ ನೇರ ಚರ್ಚೆ, ಕೊನೆಯಲ್ಲಿ ಒಂದು ದೀರ್ಘ ಲಿಖಿತ ಕೆಲಸ. ಯುವಜನರ ಆದರ್ಶವನ್ನು ಹೊಗಳುವುದಾಗಲಿ ಹೀಗಳೆಯುವುದಾಗಲಿ ತಮ್ಮ ಉದ್ದೇಶವಲ್ಲ, ಅದನ್ನು ಅಳೆಯುವ ಬಗೆಯನ್ನು ಕಲಿಸುವುದಷ್ಟೇ ಉದ್ದೇಶ ಎಂದು ಪರಿಚಯ ಪುಟದಲ್ಲಿ ಬರೆದುಕೊಂಡಿದ್ದಾರೆ. ಆ ಮಾತನ್ನು ಅವರು ಎಂಟರಲ್ಲಿ ಐದು ವಾರಗಳಲ್ಲಿ ಚೆನ್ನಾಗಿಯೇ ಉಳಿಸಿಕೊಂಡಿದ್ದಾರೆ.

ಮೊದಲ ವಾರದಲ್ಲಿ ಉಳಿಸಿಕೊಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆರಂಭದ ಉಪನ್ಯಾಸ ಯೌವನದ ಮನಸ್ಸನ್ನು ಕುರಿತದ್ದು. ಹದಿಹರೆಯದ ಮಿದುಳು ಅಪಾಯವನ್ನು ಸರಿಯಾಗಿ ಅಂದಾಜು ಮಾಡುವುದಿಲ್ಲ, ಗುಂಪಿನಲ್ಲಿದ್ದಾಗ ಧೈರ್ಯ ಹೆಚ್ಚುತ್ತದೆ, ಸಂಸಾರದ ಹೊಣೆ ಇನ್ನೂ ಹೆಗಲೇರಿರುವುದಿಲ್ಲ ಎಂಬಂತಹ ಮಾತುಗಳನ್ನು ಒಂದರ ಮೇಲೊಂದು ಪೇರಿಸಿ, ಚಳವಳಿಯೆಂದರೆ ವಯಸ್ಸಿನ ಒಂದು ಲಕ್ಷಣ, ಮೊಡವೆ ಮೂಡಿ ಮಾಯವಾಗುವಂತೆ ಅದೂ ಮೂಡಿ ಮಾಯವಾಗುತ್ತದೆ ಎಂಬ ಭಾವನೆಯನ್ನು ಅದು ಮೂಡಿಸುತ್ತದೆ. ನಾನು ಇಪ್ಪತ್ತೆರಡು ವರ್ಷ ಬಾಗಿಲಲ್ಲಿ ನಿಂತು ಹೇಳಿದ್ದೂ ಇದನ್ನೇ ಅಲ್ಲವೇ ಎಂದು ತಿಳಿದು ನನಗೆ ಕಸಿವಿಸಿಯಾಯಿತು. ಬಿಸಿರಕ್ತ ಎಂಬ ಒಂದೇ ಪದದಿಂದ ಎಲ್ಲವನ್ನೂ ವಿವರಿಸಲು ಹೊರಟರೆ, ಅದೇ ವಯಸ್ಸಿನವರು, ಅದೇ ಊರಿನಲ್ಲಿ, ಅದೇ ವಾರದಲ್ಲಿ ಎರಡು ಬೇರೆ ಬೇರೆ ರೀತಿಯಲ್ಲಿ ನಡೆದುಕೊಂಡದ್ದು ಏಕೆ ಎಂಬುದಕ್ಕೆ ಉತ್ತರವೇ ಸಿಗುವುದಿಲ್ಲ. ಉಪನ್ಯಾಸಕರು ಮೂರನೇ ವಾರದಲ್ಲಿ ತಾವೇ ಅಂತಹ ಉದಾಹರಣೆಯನ್ನು ಕೊಡುತ್ತಾರೆ. ಆದರೆ ಮೊದಲ ವಾರದ ಮಾತನ್ನು ತಿದ್ದಿಕೊಳ್ಳುವುದಿಲ್ಲ.

ಎರಡನೇ ವಾರ ಅನುಮಾನದ ಇತಿಹಾಸಕ್ಕೆ ಮೀಸಲು. ಇಲ್ಲಿ ಕೋರ್ಸು ಮೇಲೇಳುತ್ತದೆ. 1919ರ ಜನವರಿ 28ರಂದು ಮ್ಯೂನಿಕ್ ನಗರದಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ವಿದ್ಯಾರ್ಥಿಗಳ ಸಂಘವೊಂದರ ಆಹ್ವಾನದ ಮೇರೆಗೆ ರಾಜಕಾರಣದ ಕುರಿತು ಮಾಡಿದ ಭಾಷಣವನ್ನು ಆ ಸಭಾಂಗಣದಲ್ಲಿ ಕುಳಿತಿದ್ದ ವಿದ್ಯಾರ್ಥಿಗಳ ಕಡೆಯಿಂದ ಓದಿಸುತ್ತಾರೆ. ಯುದ್ಧ ಸೋತ ದೇಶ, ಹೊರಗೆ ಕ್ರಾಂತಿಯ ಗದ್ದಲ, ಒಳಗೆ ಯುದ್ಧ ಕಂಡು ಬಂದ ಹುಡುಗರು. ತಾನು ನಂಬಿದ್ದು ಸರಿಯೆಂಬ ಒಂದೇ ಕಾರಣಕ್ಕೆ ಪರಿಣಾಮವನ್ನು ದೇವರ ಮೇಲೋ ಜಗತ್ತಿನ ಮೇಲೋ ಹಾಕಿ ಕೈತೊಳೆದುಕೊಳ್ಳುವ ನೀತಿ ಒಂದು, ಮಾಡಿದ ಕೆಲಸದ ಮುಂಗಾಣಬಹುದಾದ ಫಲಕ್ಕೆ ತಾನೇ ಹೊಣೆ ಹೊರುವ ನೀತಿ ಇನ್ನೊಂದು ಎಂದು ವೇಬರ್ ಆ ದಿನ ಬಿಡಿಸಿ ಹೇಳಿದರು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಗೊತ್ತಿಲ್ಲದಿದ್ದ ಭಾಗವೆಂದರೆ, ಚರ್ಚೆಯಲ್ಲಿ ಹುಟ್ಟಿದ ತಾರೀಖನ್ನು ಮುಂದಿಟ್ಟು ಗೆಲ್ಲಲು ಬರುವವರಿಗೆ ತಾನು ಎಂದೂ ಮಣಿದವನಲ್ಲ ಎಂದು ಅವರು ಅದೇ ಭಾಷಣದಲ್ಲಿ ಹೇಳಿದ್ದರು. ವಯಸ್ಸು ಮುಖ್ಯವಲ್ಲ, ವಾಸ್ತವವನ್ನು ಕಣ್ಣು ತಪ್ಪಿಸದೆ ನೋಡುವ ಅಭ್ಯಾಸ ಮುಖ್ಯ ಎಂಬುದು ಅವರ ನಿಲುವು. ಹತ್ತು ವರ್ಷ ಕಳೆದ ಮೇಲೆ ಇದೇ ವಿಷಯವನ್ನು ಮತ್ತೆ ಮಾತಾಡೋಣ ಎಂದು ಅವರು ಆ ಹುಡುಗರಿಗೆ ಹೇಳಿದರು. ಅವರು 1920ರ ಜೂನ್‌ನಲ್ಲಿ ತೀರಿಕೊಂಡರು, ಆ ಮಾತುಕತೆ ನಡೆಯಲಿಲ್ಲ.

ಅದೇ ವಾರದ ಇನ್ನೊಂದು ಪಾಠ 1967ರ ಜೂನ್ ತಿಂಗಳದು. ಇರಾನಿನ ದೊರೆ ಷಾ ಪಶ್ಚಿಮ ಬರ್ಲಿನ್‌ಗೆ ಬಂದಾಗ ನಡೆದ ಪ್ರತಿಭಟನೆಯಲ್ಲಿ, ಜೂನ್ 2ರಂದು, ಬೆನ್ನೋ ಓನೆಸೋರ್ಗ್ ಎಂಬ ವಿದ್ಯಾರ್ಥಿ ಪೊಲೀಸನ ಗುಂಡಿಗೆ ಬಲಿಯಾದ. ಒಂದು ವಾರದ ನಂತರ ಹಾನೋವರ್‌ನಲ್ಲಿ ನಡೆದ ಸಮಾವೇಶದಲ್ಲಿ, ವಿದ್ಯಾರ್ಥಿಗಳ ಪರವಾಗಿಯೇ ಮಾತಾಡಲು ಬಂದಿದ್ದ ತತ್ವಶಾಸ್ತ್ರಜ್ಞ ಯೂರ್ಗನ್ ಹಾಬರ್‌ಮಾಸ್, ವಿದ್ಯಾರ್ಥಿ ಮುಖಂಡ ರೂಡಿ ಡುಚ್ಕೆಯ ವಾದದಲ್ಲಿ 'ಎಡಪಂಥೀಯ ಫ್ಯಾಸಿಸಂ'ನ ಅಪಾಯವಿದೆ ಎಂದುಬಿಟ್ಟರು. ಆ ಪದ ಅತಿಯಾಯಿತೆಂದು ಅವರೇ ಮುಂದೆ ಒಪ್ಪಿಕೊಂಡರು. ಸತ್ತ ಗೆಳೆಯನನ್ನು ಮಣ್ಣು ಮಾಡಿ ಬಂದವರ ಎದುರು ಹೀಗೆ ಅನ್ನಬಹುದಿತ್ತೇ ಎಂಬ ಪ್ರಶ್ನೆಯ ಮೇಲೆ ನಮ್ಮ ಚರ್ಚೆ ಎರಡು ಗಂಟೆಯನ್ನೂ ಮೀರಿ ನಡೆಯಿತು. ನನ್ನ ಅಭಿಪ್ರಾಯ ಇಷ್ಟು: ಅವರು ಆಡಿದ ಪದ ತಪ್ಪು, ನಿಂತ ಜಾಗ ಸರಿ. ಅವರು ಅದೇ ಸಭೆಗೆ ಹೋಗಿ, ಮುಖ ಕೊಟ್ಟು, ಉತ್ತರ ಕೇಳಿಸಿಕೊಳ್ಳಲು ಸಿದ್ಧರಾಗಿ ಅನುಮಾನವನ್ನು ಹೇಳಿದರು. ನಾನು ಬಾಗಿಲಲ್ಲಿ ನಿಂತು ಹೇಳಿದ್ದಕ್ಕೂ ಅದಕ್ಕೂ ಬಹಳ ದೂರವಿದೆ.

ಮೂರನೇ ವಾರ ಇಡೀ ಕೋರ್ಸಿನ ತಿರುಳು. 1968ರ ಏಪ್ರಿಲ್ 23ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಎಂಬ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡರು. ಅವರ ಎದುರು ಇದ್ದ ವಿಷಯಗಳು ಮುಖ್ಯವಾಗಿ ಎರಡು. ಪಕ್ಕದಲ್ಲಿದ್ದ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಜನ ಬಳಸುವ ಮಾರ್ನಿಂಗ್‌ಸೈಡ್ ಉದ್ಯಾನದ ಜಾಗದಲ್ಲಿ ವಿಶ್ವವಿದ್ಯಾಲಯ ವ್ಯಾಯಾಮಶಾಲೆ ಕಟ್ಟಲು ಹೊರಟಿದ್ದು ಒಂದು, ಯುದ್ಧ ಸಂಶೋಧನೆಯ ಸಂಸ್ಥೆಯೊಂದಿಗೆ ಅದಕ್ಕಿದ್ದ ಸಂಬಂಧ ಇನ್ನೊಂದು. ಆ ರಾತ್ರಿ ಕಪ್ಪು ವಿದ್ಯಾರ್ಥಿಗಳು ತಮ್ಮ ಜೊತೆಗಿದ್ದ ಬಿಳಿಯ ವಿದ್ಯಾರ್ಥಿಗಳನ್ನು, ನೀವು ಬೇರೆ ಕಟ್ಟಡ ನೋಡಿಕೊಳ್ಳಿ ಎಂದು ಹೊರಗೆ ಕಳಿಸಿದರು. ಹೊರಬಂದವರು ಅಧ್ಯಕ್ಷರ ಕಚೇರಿಯಿದ್ದ ಲೋ ಗ್ರಂಥಾಲಯವನ್ನು ಹಿಡಿದರು. ಕೆಲವೇ ದಿನಗಳಲ್ಲಿ ಐದು ಕಟ್ಟಡಗಳು ವಿದ್ಯಾರ್ಥಿಗಳ ಕೈಯಲ್ಲಿದ್ದವು.

ಇಲ್ಲಿಂದ ಮುಂದೆ ಕೋರ್ಸಿನವರು ನಮ್ಮನ್ನು ಹ್ಯಾಮಿಲ್ಟನ್ ಹಾಲ್‌ನ ಒಳಗೇ ಕೂರಿಸಿ ಕಲಿಸಿದರು ಎನ್ನಬೇಕು. ಒಳಗಿದ್ದ ಕಪ್ಪು ವಿದ್ಯಾರ್ಥಿಗಳು ಕಟ್ಟಡವನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದರು. ಮೊದಲ ದಿನ ಅಲ್ಲೇ ತಡೆಹಿಡಿಯಲಾಗಿದ್ದ ಡೀನ್ ಅವರನ್ನು ಮರುದಿನ ಬಿಟ್ಟು ಕಳಿಸಿದರು. ಹಾರ್ಲೆಮ್‌ನ ಹಿರಿಯರ ಜೊತೆ ಸಂಪರ್ಕ ಇಟ್ಟುಕೊಂಡಿದ್ದರು, ವಕೀಲರನ್ನು ಗೊತ್ತು ಮಾಡಿಕೊಂಡಿದ್ದರು, ಪೊಲೀಸರು ಬಂದಾಗ ಏನು ಮಾಡಬೇಕೆಂಬುದನ್ನು ಮೊದಲೇ ತೀರ್ಮಾನಿಸಿದ್ದರು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ನುಗ್ಗಿದಾಗ ಹ್ಯಾಮಿಲ್ಟನ್ ಹಾಲ್‌ನವರು ಶಾಂತವಾಗಿ ಬಂಧನಕ್ಕೆ ಒಳಗಾಗಿ ನಡೆದು ಹೋದರು, ಅಲ್ಲಿ ರಕ್ತ ಹರಿಯಲಿಲ್ಲ. ಉಳಿದ ಕಟ್ಟಡಗಳಲ್ಲಿ ಎಳೆದಾಟ, ಹೊಡೆತ, ಗಾಯ. ಆ ಒಂದು ರಾತ್ರಿ ಸುಮಾರು 700 ಮಂದಿಯ ಬಂಧನವಾಯಿತು. ಬಿಳಿಯ ವಿದ್ಯಾರ್ಥಿಗಳನ್ನು ಹೊಡೆದ ಪೊಲೀಸರ ತಪ್ಪನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಕಪ್ಪು ವಿದ್ಯಾರ್ಥಿಗಳಿಗೆ ಪೊಲೀಸರ ಲಾಠಿ ಏನೆಂಬುದು ಮನೆಮಂದಿಯ ಅನುಭವದಿಂದ ಗೊತ್ತಿತ್ತು, ಹೊರಗೆ ಕಾಯುತ್ತಿದ್ದ ತಂದೆತಾಯಿಗಳಿಗೆ ತಾವು ಉತ್ತರ ಕೊಡಬೇಕೆಂಬುದೂ ಗೊತ್ತಿತ್ತು. ಆದ್ದರಿಂದ ಅವರ ಆದರ್ಶಕ್ಕೆ ಲೆಕ್ಕಾಚಾರದ ಬೆನ್ನೆಲುಬಿತ್ತು. ಎರಡೂ ಗುಂಪಿನವರ ವಯಸ್ಸು ಹತ್ತೊಂಬತ್ತು, ಇಪ್ಪತ್ತು. ವ್ಯಾಯಾಮಶಾಲೆಯ ಯೋಜನೆ ಕೈಬಿಟ್ಟುಹೋಯಿತು, ಸಂಶೋಧನಾ ಸಂಸ್ಥೆಯ ಸಂಬಂಧವೂ ಕಡಿದುಹೋಯಿತು ಎಂಬುದನ್ನು ಹುಡುಗರ ಹಟದಿಂದ ಏನೂ ಆಗದು ಎನ್ನುವವರು ನೆನಪಿಡಬೇಕು.

ನಾಲ್ಕನೇ ವಾರದ ನ್ಯಾಶ್‌ವಿಲ್ ಪಾಠವನ್ನು ನನ್ನ ವಿದ್ಯಾರ್ಥಿಗಳೆಲ್ಲರಿಗೂ ತೋರಿಸಬೇಕೆಂಬ ಆಸೆ ನನಗಿದೆ. 1960ರ ಫೆಬ್ರವರಿ 1ರಂದು ಅಮೆರಿಕದ ದಕ್ಷಿಣ ಭಾಗದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕುಳಿತ ಕಥೆ ಬಹಳ ಮಂದಿಗೆ ಗೊತ್ತು. ಅದಕ್ಕೂ ಮೊದಲೇ ಅದೇ ಭಾಗದ ನ್ಯಾಶ್‌ವಿಲ್ ನಗರದಲ್ಲಿ ಜೇಮ್ಸ್ ಲಾಸನ್ ಎಂಬುವರು ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತಿದ್ದರು. ಲಾಸನ್ 1950ರ ದಶಕದಲ್ಲಿ ನಾಗಪುರದಲ್ಲಿ ಕೆಲಸ ಮಾಡಿ ಗಾಂಧೀಜಿಯವರ ವಿಧಾನವನ್ನು ಹತ್ತಿರದಿಂದ ಕಲಿತು ಹೋಗಿದ್ದರು. ತರಬೇತಿಯೆಂದರೆ ಭಾಷಣವಲ್ಲ. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಅವರದೇ ಗೆಳೆಯರು ಬೈಯಬೇಕು, ಕೂದಲು ಎಳೆಯಬೇಕು, ಮುಖಕ್ಕೆ ಹೊಗೆ ಬಿಡಬೇಕು, ಕುರ್ಚಿಯಿಂದ ಕೆಳಗೆ ತಳ್ಳಬೇಕು; ಕೂತವರು ತಿರುಗಿ ಕೈ ಎತ್ತಬಾರದು. ಇದನ್ನು ವಾರಗಟ್ಟಲೆ ಮಾಡಿದರು. ಎದುರುತ್ತರ ಕೊಡಬಾರದು, ನೇರವಾಗಿ ಕೂರಬೇಕು, ಕೌಂಟರಿನ ಕಡೆಗೇ ಮುಖ ಇರಬೇಕು ಎಂಬ ನಿಯಮಗಳನ್ನು ಬರೆದು ಹಂಚಿಕೊಂಡಿದ್ದರು. ಮೊದಲ ತಂಡವನ್ನು ಪೊಲೀಸರು ಎತ್ತಿಕೊಂಡು ಹೋದ ಕೂಡಲೇ ಎರಡನೇ ತಂಡ ಬಂದು ಅದೇ ಕುರ್ಚಿಗಳಲ್ಲಿ ಕೂತಿತು, ಅದಾದ ಮೇಲೆ ಮೂರನೆಯದು. ಏಪ್ರಿಲ್ 19ರಂದು, ತಮ್ಮ ವಕೀಲರ ಮನೆಗೆ ಬಾಂಬು ಬಿದ್ದ ದಿನ, ಸಾವಿರಾರು ಮಂದಿ ಮೌನವಾಗಿ ಪುರಭವನಕ್ಕೆ ನಡೆದರು. ಅಲ್ಲಿ ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೇಯರ್ ಬೆನ್ ವೆಸ್ಟ್ ಅವರನ್ನು, ಬಣ್ಣ ನೋಡಿ ಮನುಷ್ಯರನ್ನು ಬೇರೆ ಮಾಡುವುದು ತಪ್ಪೆಂದು ನಿಮಗೆ ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರು. ಹೌದೆಂದು ಅವರು ಒಪ್ಪಿದರು. ಮೇ 10ರಂದು ನಗರದ ಆರು ಅಂಗಡಿಗಳ ಕೌಂಟರುಗಳು ಎಲ್ಲರಿಗೂ ತೆರೆದವು.

ಆ ಮೇಯರ್ ಪ್ರಸಂಗವನ್ನು ನೂರು ಕಡೆ ಹೇಳುತ್ತಾರೆ, ಕೂದಲು ಎಳೆಸಿಕೊಳ್ಳುವ ಅಭ್ಯಾಸವನ್ನು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ಆರಂಭಶೂರತ್ವ ಎಂಬ ಒಳ್ಳೆಯ ಪದವಿದೆ. ವಿದ್ಯಾರ್ಥಿ ಚಳವಳಿಗಳ ಬಗ್ಗೆ ನನಗಿದ್ದ ಅನುಮಾನವೆಲ್ಲ ಆ ಒಂದು ಪದದಲ್ಲಿ ಅಡಗಿತ್ತು. ನ್ಯಾಶ್‌ವಿಲ್‌ನ ಹುಡುಗರು ಆರಂಭಕ್ಕೆ ಮುನ್ನವೇ ತಿಂಗಳುಗಟ್ಟಲೆ ಬೆವರು ಹರಿಸಿದ್ದರು ಎಂಬುದನ್ನು ನೋಡಿದ ಮೇಲೆ, ನಾನು ಕೇಳಬೇಕಾದ ಪ್ರಶ್ನೆ ಅವರ ವಯಸ್ಸೆಷ್ಟು ಎಂಬುದರಿಂದ ಅವರು ಏನು ತಯಾರಿ ಮಾಡಿಕೊಂಡಿದ್ದಾರೆ ಎಂಬುದಕ್ಕೆ ಸರಿಯಿತು.

ಐದನೇ ವಾರದಲ್ಲಿ 1968ರ ಪ್ಯಾರಿಸ್ ಮತ್ತು 1989ರ ಬೀಜಿಂಗ್ ಒಟ್ಟಿಗೆ ಬರುತ್ತವೆ. ಪ್ಯಾರಿಸ್ಸಿನ ಪಾಠ ಅಚ್ಚುಕಟ್ಟಾಗಿದೆ: ವಿದ್ಯಾರ್ಥಿಗಳು ಹಚ್ಚಿದ ಕಿಡಿಯಿಂದ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು, ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳ ನಡುವಿನ ಗ್ರೆನೆಲ್ ಮಾತುಕತೆಯಲ್ಲಿ ಕನಿಷ್ಠ ಕೂಲಿ ಶೇ 35ರಷ್ಟು ಏರಿತು, ಜೂನ್ ಕೊನೆಯ ಚುನಾವಣೆಯಲ್ಲಿ ಅಧ್ಯಕ್ಷ ದಗೋಲ್ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ವಿದ್ಯಾರ್ಥಿಗಳು ಕೇಳಿದ್ದು ಹೊಸ ಸಮಾಜವನ್ನು, ಕಾರ್ಮಿಕರಿಗೆ ಸಿಕ್ಕಿದ್ದು ಕೂಲಿ, ಮತದಾರರು ಕೊಟ್ಟಿದ್ದು ಹಳೆಯ ಸರ್ಕಾರವನ್ನೇ. ಬೀಜಿಂಗ್ ಪಾಠದ ದಿನ ಮಾತ್ರ ಚರ್ಚೆ ಕಾವೇರಿತು. ಏಪ್ರಿಲ್ 15ರಂದು ಸುಧಾರಣೆಯ ಪರವಿದ್ದ ನಾಯಕ ಹು ಯಾವೊಬಾಂಗ್ ತೀರಿಕೊಂಡದ್ದರಿಂದ ಆರಂಭವಾಗಿ, ಮೇ 13ರ ಉಪವಾಸ, ಮೇ 20ರ ಸೇನಾಡಳಿತ, ಮೇ ಕೊನೆಯಲ್ಲಿ ವಿದ್ಯಾರ್ಥಿಗಳು ತಾವು ಕೂತಿದ್ದ ತಿಯಾನನ್‌ಮೆನ್ ಚೌಕವನ್ನು ಬಿಟ್ಟು ಹೋಗಬೇಕೆಂದು ಒಮ್ಮೆ ತೀರ್ಮಾನಿಸಿ ಮತ್ತೆ ಅದನ್ನು ಹಿಂತೆಗೆದುಕೊಂಡದ್ದು, ಹೀಗೆ ದಿನ ದಿನದ ದಾಖಲೆ ನಮ್ಮ ಮುಂದಿತ್ತು. ತಂಡದ ಒಬ್ಬ ಸದಸ್ಯರು, ಆಗಲೇ ಎದ್ದು ಹೋಗಿದ್ದರೆ ಅಷ್ಟು ಜೀವಗಳು ಉಳಿಯುತ್ತಿದ್ದವು, ಹುಡುಗರ ಹಟವೇ ಅವರನ್ನು ಕೊಂದಿತು ಎಂದರು. ಚರ್ಚೆ ನಡೆಸುತ್ತಿದ್ದವರು ಅಲ್ಲಿಗೇ ತಡೆದು, ತಂತ್ರದ ತಪ್ಪನ್ನು ಎಷ್ಟು ಬೇಕಾದರೂ ಚರ್ಚಿಸೋಣ, ಆದರೆ ಜೂನ್ 3 ಮತ್ತು 4ರ ರಾತ್ರಿ ಗುಂಡು ಹಾರಿಸಿದ ಕೈ ಯಾವುದೆಂಬುದನ್ನು ವಾಕ್ಯದೊಳಗಿಂದ ಕೈಬಿಡಬೇಡಿ ಎಂದರು. ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ವಿದ್ಯಾರ್ಥಿಗಳ ಆದರ್ಶದ ಮೇಲಿನ ಅನುಮಾನ ಎಷ್ಟು ಸುಲಭವಾಗಿ ಗುಂಡು ಹಾರಿಸಿದವರ ಪರ ವಕಾಲತ್ತಾಗಿ ತಿರುಗಿಬಿಡುತ್ತದೆ ಎಂಬುದು ನಮ್ಮೆಲ್ಲರಿಗೂ ಅರ್ಥವಾಯಿತು. ಹಾಗೆಂದ ಸದಸ್ಯರು ಕೂಡ ತಮ್ಮ ಮಾತನ್ನು ತಿದ್ದಿಕೊಂಡರು.

ಅನುಮಾನಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಸಿಗುವುದು ಆರನೇ ವಾರದಲ್ಲಿ, ಮಾವೊ ಕರೆಗೆ ಓಗೊಟ್ಟ ವಿದ್ಯಾರ್ಥಿಗಳ ಗುಂಪುಗಳಾದ ಚೀನಾದ ಕೆಂಪು ಕಾವಲು ಪಡೆಯ ಪಾಠದಲ್ಲಿ. 1966ರ ಆಗಸ್ಟ್ 5ರಂದು ಬೀಜಿಂಗ್‌ನ ಹೆಣ್ಣುಮಕ್ಕಳ ಶಾಲೆಯೊಂದರ ಉಪಪ್ರಾಂಶುಪಾಲೆ ಬಿಯಾನ್ ಝೋಂಗ್‌ಯುನ್ ಅವರನ್ನು ಅವರದೇ ವಿದ್ಯಾರ್ಥಿನಿಯರು ಹೊಡೆದು ಕೊಂದರು. ಆ ಹುಡುಗಿಯರೂ ಆದರ್ಶವಾದಿಗಳೇ, ಅವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಒಬ್ಬ ಶಿಕ್ಷಕಿಯಾಗಿ ಆ ಪುಟವನ್ನು ಓದುವಾಗ ನನ್ನ ಕೈ ನಡುಗಿತು. ಉಪನ್ಯಾಸಕರು ಇಲ್ಲಿ ಒಂದು ಗೆರೆಯನ್ನು ಎಳೆಯುತ್ತಾರೆ: ಹ್ಯಾಮಿಲ್ಟನ್ ಹಾಲ್‌ನ ವಿದ್ಯಾರ್ಥಿಗಳು ಅಧಿಕಾರದ ಎದುರು ನಿಂತಿದ್ದರು, ಇವರು ದೇಶದ ಅತಿ ದೊಡ್ಡ ಅಧಿಕಾರಸ್ಥರ ಬೆನ್ನು ತಟ್ಟುವಿಕೆಯಲ್ಲಿ, ಕೈಲಾಗದವರ ಮೇಲೆ ಎರಗಿದ್ದರು. ಎರಡೇ ವರ್ಷಗಳಲ್ಲಿ, 1968ರ ಡಿಸೆಂಬರ್‌ನಿಂದ, ಕೆಲಸ ಮುಗಿದ ಮೇಲೆ ಅದೇ ಪೀಳಿಗೆಯ ಲಕ್ಷ ಲಕ್ಷ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸಲಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ ಅವರನ್ನು ಬಳಸಿ ಬಿಸಾಡಿದರು. ಈ ಒಂದು ಉಪನ್ಯಾಸಕ್ಕಾಗಿಯೇ ಕೋರ್ಸು ಸೇರಿದರೂ ನಷ್ಟವಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅದೇ ವಾರದ ಕೊನೆಯಲ್ಲಿ ಒಂದು ಅಭ್ಯಾಸವಿತ್ತು. ಆರು ಆರು ಮಂದಿಯ ಎರಡು ಗುಂಪು ಮಾಡಿ, ಹಾಸ್ಟೆಲ್ ಶುಲ್ಕ ಏರಿಕೆಯ ವಿರುದ್ಧ ಮುಷ್ಕರ ಹೂಡಿರುವ ವಿದ್ಯಾರ್ಥಿಗಳು ನೀವೆಂದು ಭಾವಿಸಿ ತೊಂಬತ್ತು ನಿಮಿಷಗಳಲ್ಲಿ ಬೇಡಿಕೆ ಪಟ್ಟಿ ತಯಾರಿಸಿ ಎಂದರು. ನಮ್ಮ ಗುಂಪು ಮೂರು ಬೇಡಿಕೆಗಳಿಂದ ಶುರು ಮಾಡಿತು. ನಲವತ್ತನೇ ನಿಮಿಷಕ್ಕೆ ಪಟ್ಟಿಯಲ್ಲಿ ಹದಿನೇಳಿದ್ದವು. ಶುಲ್ಕದ ಮಾತು ಐದನೆಯದಾಗಿ ಕೆಳಗೆ ಇಳಿದಿತ್ತು, ಮೊದಲನೆಯದು ಶಿಕ್ಷಣ ವ್ಯವಸ್ಥೆಯ ಆಮೂಲಾಗ್ರ ಬದಲಾವಣೆ. ಯಾವುದನ್ನಾದರೂ ಹೊಡೆದು ಹಾಕೋಣ ಎಂದಾಗ ಪ್ರತಿ ಬೇಡಿಕೆಗೂ ಒಬ್ಬ ರಕ್ಷಕರು ಎದ್ದರು, ಅದನ್ನು ತೆಗೆದರೆ ತಮ್ಮನ್ನೇ ತೆಗೆದಂತೆ ಎಂಬ ಧಾಟಿಯಲ್ಲಿ. ನಮ್ಮಲ್ಲಿ ಮೂವರಿಗೆ ಐವತ್ತು ದಾಟಿತ್ತು, ಇಬ್ಬರು ನಿವೃತ್ತರು. ಎಂಬತ್ತೆಂಟನೇ ನಿಮಿಷದಲ್ಲಿಯೂ ಪಟ್ಟಿ ಹನ್ನೊಂದಕ್ಕಿಂತ ಕೆಳಗೆ ಇಳಿಯಲಿಲ್ಲ. ಆಡಳಿತ ಮಂಡಳಿಯ ಪಾತ್ರ ವಹಿಸಿದ್ದ ಚರ್ಚೆಯ ನಿರ್ವಾಹಕರು ಕೇಳಿದ್ದು ಒಂದೇ ಮಾತು: ಇವುಗಳಲ್ಲಿ ಯಾವ ಎರಡು ಈಡೇರಿದರೆ ನೀವು ನಾಳೆ ಬೆಳಿಗ್ಗೆ ತರಗತಿಗೆ ಬರುತ್ತೀರಿ? ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಇನ್ನೊಂದು ಗುಂಪಿನ ಮುಂದಾಳು ಇಪ್ಪತ್ತಮೂರರ ಯುವಕ; ಅವರ ಪಟ್ಟಿಯಲ್ಲಿ ನಾಲ್ಕೇ ಬೇಡಿಕೆಗಳಿದ್ದವು, ಮುಷ್ಕರದ ದಿನಗಳಲ್ಲಿ ಹಾಸ್ಟೆಲಿನ ಗುತ್ತಿಗೆ ನೌಕರರ ಕೂಲಿ ಕಡಿತವಾಗಬಾರದು ಎಂಬುದು ಅವುಗಳಲ್ಲಿ ಒಂದು.

ನೌಕರರ ಕೂಲಿಯ ಆ ಬೇಡಿಕೆಯನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ನನ್ನ ವಿದ್ಯಾರ್ಥಿ ದಿನಗಳಲ್ಲಿ ನಾವು ಮಾಡಿದ ಹತ್ತೊಂಬತ್ತು ದಿನಗಳ ಮುಷ್ಕರದಲ್ಲಿ ಅದನ್ನು ಯಾರೂ ಯೋಚಿಸಿರಲಿಲ್ಲ. ಹಾಸ್ಟೆಲು ಮುಚ್ಚಿತು, ನಾವು ಧರಣಿ ಕೂತೆವು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರಿಗೆ ಹತ್ತೊಂಬತ್ತು ದಿನದ ಕೂಲಿ ಹೋಯಿತು. ಕೊನೆಯ ಲಿಖಿತ ಕೆಲಸಕ್ಕೆ ನಾವು ಸ್ವತಃ ಕಂಡ ಒಂದು ಪ್ರತಿಭಟನೆಯನ್ನು ದಾಖಲೆಗಳ ಆಧಾರದಿಂದ ಬರೆಯಬೇಕಿತ್ತು. ನಾನು ಆ ಮುಷ್ಕರವನ್ನೇ ಆರಿಸಿಕೊಂಡು, ಅಂದು ಕಾರ್ಯದರ್ಶಿಯಾಗಿದ್ದ ಗೆಳತಿಗೆ ಫೋನ್ ಮಾಡಿದೆ. ಅವಳು ಸಭೆಯ ನಡಾವಳಿ ಬರೆದ ನೋಟ್‌ಬುಕ್ಕನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಪುಟಗಳ ಚಿತ್ರ ತೆಗೆದು ಕಳಿಸಿದಳು. ಹನ್ನೆರಡನೇ ದಿನ ಆಡಳಿತದವರು ಅರ್ಧ ಶುಲ್ಕವನ್ನು ಇಳಿಸಲು ಒಪ್ಪಿ ಪತ್ರ ಕಳಿಸಿದ್ದರು. ಆ ರಾತ್ರಿಯ ಸಭೆಯಲ್ಲಿ ನಾನು ಒಪ್ಪಂದದ ಪರ ಮಾತಾಡಿದ್ದೆ, ಉಳಿದವರ ಆವೇಶದೆದುರು ಸೋತಿದ್ದೆ ಎಂಬುದು ನನ್ನ ದೃಢವಾದ ನೆನಪು. ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತ ಬಂದಿದ್ದೆ. ನೋಟ್‌ಬುಕ್ಕಿನಲ್ಲಿ, ನೀಲಿ ಶಾಯಿಯಲ್ಲಿ, ಬೇರೆಯೇ ಇತ್ತು. ಒಪ್ಪಂದವನ್ನು ತಿರಸ್ಕರಿಸಿ ಮುಷ್ಕರ ಮುಂದುವರಿಸಬೇಕೆಂಬ ಠರಾವನ್ನು ಮಂಡಿಸಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಒಪ್ಪಿಕೊಳ್ಳೋಣ ಎಂದವಳು ನನ್ನ ಆ ಗೆಳತಿ. ಏಳು ದಿನಗಳ ನಂತರ ನಾವು ಅದಕ್ಕಿಂತ ಕಡಿಮೆಗೆ ಒಪ್ಪಿ ಎದ್ದೆವು.

ಈ ಸಂಗತಿಯನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಹಿರಿಯರಾದ ನಾವು ವಿದ್ಯಾರ್ಥಿಗಳ ಆದರ್ಶವನ್ನು ಅನುಮಾನಿಸುವಾಗ ನಮ್ಮ ಅನುಭವವನ್ನು ಸಾಕ್ಷಿಗೆ ಕರೆಯುತ್ತೇವೆ, ಆ ಸಾಕ್ಷಿಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಕೋರ್ಸಿನ ದೊಡ್ಡ ಗುಣವೆಂದರೆ ನೆನಪನ್ನು ಒಪ್ಪದೆ ಕಾಗದ ಕೇಳುವುದು. ನನ್ನ ಬರಹವನ್ನು ತಿದ್ದಿದವರು, ಕೂಲಿ ಕಳೆದುಕೊಂಡ ಹೆಂಗಸರು ಎಷ್ಟು ಮಂದಿ, ಅವರಲ್ಲಿ ಯಾರನ್ನಾದರೂ ಮಾತಾಡಿಸಿದ್ದೀರಾ ಎಂದು ಅಂಚಿನಲ್ಲಿ ಬರೆದು ಹಿಂದಕ್ಕೆ ಕಳಿಸಿದರು. ನಾಲ್ವರು ಎಂದು ಗೆಳತಿ ನೆನಪು ಮಾಡಿಕೊಂಡಳು. ಅವರಲ್ಲಿ ಒಬ್ಬರನ್ನು ಹುಡುಕಿ ಮಾತಾಡಿಸಲು ಸಾಧ್ಯವಾಯಿತು. ಆ ದಿನಗಳ ಬಗ್ಗೆ ಅವರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇಲ್ಲಿ ಬರೆಯಲಾರೆ.

ಏಳನೇ ವಾರ ನನಗೆ ನಿರಾಸೆ ತಂದಿತು. ಚಳವಳಿ ಗೆದ್ದ ಮೇಲೆ ಏನಾಗುತ್ತದೆ ಎಂಬ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಅವರು ಕೊಟ್ಟಿರುವುದು ಎರಡೇ ಉಪನ್ಯಾಸ. ಅಸ್ಸಾಮಿನ ವಿದ್ಯಾರ್ಥಿ ಮುಖಂಡರು ಅಕ್ರಮ ವಲಸೆಯ ವಿರುದ್ಧದ ಆರು ವರ್ಷಗಳ ಚಳವಳಿಯ ನಂತರ 1985ರ ಆಗಸ್ಟ್ 15ರ ಒಪ್ಪಂದಕ್ಕೆ ಸಹಿ ಹಾಕಿ, ಪಕ್ಷ ಕಟ್ಟಿ, ಡಿಸೆಂಬರ್‌ನಲ್ಲಿ ಸರ್ಕಾರವನ್ನೇ ರಚಿಸಿದರು. ಪ್ರಫುಲ್ಲ ಕುಮಾರ್ ಮಹಂತ 33ನೇ ವಯಸ್ಸಿನಲ್ಲಿ ಮುಖ್ಯಮಂತ್ರಿಯಾದರು. 1990ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು, ಮುಂದಿನ ವರ್ಷದ ಚುನಾವಣೆಯಲ್ಲಿ ಸೋತರು, ಜೊತೆಗಾರರು ಎರಡಾದರು. ಹಾಸ್ಟೆಲಿನಿಂದ ಎದ್ದು ಬಂದವರು ಕಡತಗಳ ಮುಂದೆ ಕೂತಾಗ ಏನೇನು ಎಡವಟ್ಟಾಯಿತು, ಯಾವುದು ಅವರ ಕೈಮೀರಿದ್ದು, ಯಾವುದು ಅವರದೇ ತಪ್ಪು ಎಂಬುದನ್ನು ಬಿಡಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ; ಉಪನ್ಯಾಸ ಮೇಲೆ ಮೇಲೆ ಹಾದು ಹೋಯಿತು. ಆ ಚಳವಳಿಯ ನಡುವೆಯೇ, 1983ರ ಫೆಬ್ರವರಿಯಲ್ಲಿ, ಬಂಗಾಳಿ ಮೂಲದ ಮುಸ್ಲಿಮರು ಬಲಿಯಾದ ನೆಲ್ಲಿ ಹತ್ಯಾಕಾಂಡವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ಚಿಲಿಯ ಪಾಠ ಸ್ವಲ್ಪ ವಾಸಿ. 2011ರ ವಿದ್ಯಾರ್ಥಿ ಚಳವಳಿಯ ಮುಂಚೂಣಿಯಲ್ಲಿದ್ದ ಗೇಬ್ರಿಯಲ್ ಬೋರಿಕ್ 2022ರ ಮಾರ್ಚ್‌ನಲ್ಲಿ 36ನೇ ವಯಸ್ಸಿಗೆ ಅಧ್ಯಕ್ಷರಾದರು. ಅವರು ಬೆಂಬಲಿಸಿದ ಹೊಸ ಸಂವಿಧಾನದ ಕರಡನ್ನು ಅದೇ ಸೆಪ್ಟೆಂಬರ್‌ನಲ್ಲಿ ಸುಮಾರು ಶೇ 62ರಷ್ಟು ಮತದಾರರು ತಿರಸ್ಕರಿಸಿದರು. ಅದಕ್ಕೂ ಮೊದಲೇ, 2016ರಿಂದ, ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಉಚಿತ ಉನ್ನತ ಶಿಕ್ಷಣ ಜಾರಿಗೆ ಬಂದಿತ್ತು. ಬೀದಿಯ ಬೇಡಿಕೆ ಕಾನೂನಾದದ್ದು ಹೇಗೆ, ಆ ಐದು ವರ್ಷ ಯಾರು ಯಾರ ಜೊತೆ ಕೂತು ಮಾತಾಡಿದರು ಎಂಬುದನ್ನು ಕೇಳಲು ನಾನು ಕಾದು ಕೂತಿದ್ದೆ. ಅಷ್ಟರಲ್ಲಿ ಉಪನ್ಯಾಸ ಮುಗಿದಿತ್ತು.

ಎಂಟನೇ ವಾರ ಬರಹ ತಿದ್ದುವುದಕ್ಕೆ ಮೀಸಲಾದದ್ದು, ಹೇಳುವಂಥದ್ದೇನೂ ಇಲ್ಲ. ವ್ಯವಸ್ಥೆಯ ವಿಷಯದಲ್ಲಿ ಕೆಲವು ದೂರುಗಳಿವೆ. ವಿಡಿಯೊ ಅಡಿಬರಹಗಳಲ್ಲಿ ಹೆಸರುಗಳೂ ಇಸವಿಗಳೂ ಆಗಾಗ ತಪ್ಪಾಗಿ ಬರುತ್ತವೆ, ಇತಿಹಾಸದ ಕೋರ್ಸಿಗೆ ಇದು ಸಣ್ಣ ದೋಷವಲ್ಲ. ಕೆಲವು ಕರಪತ್ರಗಳ ಸ್ಕ್ಯಾನ್ ಪ್ರತಿ ಮೊಬೈಲಿನಲ್ಲಿ ಓದಲಾಗದಷ್ಟು ಮಸುಕಾಗಿದೆ. ನೇರ ಚರ್ಚೆಯ ಸಮಯವನ್ನು ಎರಡು ಸಲ ಹಿಂದಿನ ದಿನವಷ್ಟೇ ಬದಲಿಸಿದರು. ಆದರೆ ದೂರು ಕೊಟ್ಟಾಗ ಉತ್ತರ ಮರುದಿನವೇ ಬಂತು, ಮಸುಕಾದ ಪ್ರತಿಗಳಿಗೆ ಬದಲಾಗಿ ಟೈಪು ಮಾಡಿದ ಪಠ್ಯವನ್ನು ಕಳಿಸಿದರು. ಪ್ರಮಾಣಪತ್ರಕ್ಕಾಗಿ ಸೇರುವವರಿಗೆ ಈ ಕೋರ್ಸು ಹೊಂದುವುದಿಲ್ಲ. ವಾರಕ್ಕೆ ಆರೇಳು ಗಂಟೆಯ ಓದು ಇರುತ್ತದೆ, ಚರ್ಚೆಯಲ್ಲಿ ಸುಮ್ಮನೆ ಕೂರಲು ಬಿಡುವುದಿಲ್ಲ. ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಚಳವಳಿಗೆ ಹೊರಟ ಮಕ್ಕಳ ತಂದೆತಾಯಿಗಳಿಗೆ ನಾನು ಇದನ್ನು ಒತ್ತಾಯಿಸಿ ಹೇಳುತ್ತೇನೆ. ವಿದ್ಯಾರ್ಥಿಗಳು ಸೇರುವುದಾದರೆ ಮೊದಲ ವಾರದ ಮೊದಲ ಉಪನ್ಯಾಸವನ್ನು ಬಿಟ್ಟು, ನೇರವಾಗಿ ನ್ಯಾಶ್‌ವಿಲ್‌ನಿಂದ ಆರಂಭಿಸಲಿ.

ಕೋರ್ಸು ಮುಗಿದ ಮೇಲೆ ನಡೆಸುವವರಿಗೆ ಎರಡು ಸಲಹೆಗಳನ್ನು ಬರೆದೆ. ಯೌವನದ ಮನಸ್ಸಿನ ಉಪನ್ಯಾಸವನ್ನು ತೆಗೆದು ಆ ಜಾಗದಲ್ಲಿ ಹ್ಯಾಮಿಲ್ಟನ್ ಹಾಲ್ ಪಾಠವನ್ನು ಇಡಿ, ಏಳನೇ ವಾರವನ್ನು ಎರಡಾಗಿ ಒಡೆದು ಅಸ್ಸಾಮಿಗೆ ಪೂರ್ತಿ ಒಂದು ವಾರ ಕೊಡಿ ಎಂದು. ಎರಡನೆಯದನ್ನು ಮುಂದಿನ ತಂಡದಿಂದಲೇ ಜಾರಿಗೆ ತರುವುದಾಗಿ ಉತ್ತರ ಬಂದಿದೆ. ಮೊದಲನೆಯದನ್ನು ಅವರು ಒಪ್ಪಿಲ್ಲ, ಮತ್ತೆ ಬರೆಯಬೇಕು.